ಪುಕ್ಕಲಕ್ಕನ ಮನೆಯ ನೆಟ್

ಅವಳನ್ನು ಎಲ್ಲರೂ ಪುಕ್ಕಲಕ್ಕ ಎಂದೇ ಕರೆಯುತ್ತಿದ್ದರು, ಅದರಲ್ಲಿ ಸುಳ್ಳೇನೂ ಇರಲಿಲ್ಲ. ಹಲ್ಲಿಗೆ ಹೆದರುತ್ತಾಳೆ, ಲಿಫ್ಟಿಗೆ ಹೆದರುತ್ತಾಳೆ, ಕುಕ್ಕರು ಸೀಟಿ ಹಾಕುವ ಮೊದಲು ಉಸಿರು ಬಿಗಿಹಿಡಿದಂತೆ ಒಂದು ಕ್ಷಣ ಸುಮ್ಮನಾಗುತ್ತದಲ್ಲ, ಅದಕ್ಕೂ ಹೆದರುತ್ತಾಳೆ. ಕೆಲಸಕ್ಕೆ ಹೊರಟವಳು ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಅರ್ಧ ಮೆಟ್ಟಿಲು ಇಳಿದು ವಾಪಸು ಬರುತ್ತಾಳೆ. ಆರಿದ್ದನ್ನು ಕಣ್ಣಾರೆ ಕಂಡು ಹೊರಟ ಮೇಲೆ, ನೋಡುವಾಗ ಕೈ ತಗುಲಿ ಮತ್ತೆ ತಿರುಗಿತೇನೋ ಎಂದು ಇನ್ನೊಮ್ಮೆ ಬರುತ್ತಾಳೆ. ಇಂಥವಳ ಮೇಲೇ ಕಷ್ಟ ಬಂದು ಬೀಳಬೇಕೆ? ಹೆದರುವವರ ಮೇಲೆ ಕಪ್ಪೆ ಎಸೆದರು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಆ ಹೆಸರಿಟ್ಟವರು ಅವಳು ದುಡಿಯುವ ಲಾಂಡ್ರಿಯ ಹೆಂಗಸರು. ಅವಳೇನೂ ಬೇಸರ ಮಾಡಿಕೊಳ್ಳುತ್ತಿರಲಿಲ್ಲ. "ಹೌದ್ರಮ್ಮ, ನಾನು ಪುಕ್ಕಲಿನೇ. ಧೈರ್ಯ ಇರೋರೆಲ್ಲ ಎಲ್ಲಿ ಮಲಗಿದ್ದಾರೆ ಅಂತ ನಂಗೊತ್ತು. ಅವರು ಮಲಗಿರೋ ಹಾಸಿಗೆ ಬಟ್ಟೇನೇ ಅಲ್ವಾ ನಾವು ಒಗೆಯೋದು" ಎಂದು ತಿರುಗಿಸಿ ಕೊಡುತ್ತಿದ್ದಳು. ಲಾಂಡ್ರಿ ಎಂದರೆ ಬೀದಿ ಬದಿಯ ಇಸ್ತ್ರಿ ಅಂಗಡಿಯಲ್ಲ. ಆಸ್ಪತ್ರೆಗಳ, ಲಾಡ್ಜುಗಳ ಹಾಸುಬಟ್ಟೆ ವ್ಯಾನಿನಲ್ಲಿ ಬಂದು ಇಳಿಯುವ ದೊಡ್ಡ ಶೆಡ್ಡು. ಅವಳ ಕೆಲಸ ರೋಲರ್ ಮುಂದೆ. ಇಬ್ಬರು ಹೆಂಗಸರು ಹಸಿ ಹಾಸುಬಟ್ಟೆಯ ಎರಡು ಮೂಲೆ ಹಿಡಿದು, ಕಾದು ಉರುಳುತ್ತಿರುವ ಆ ಉದ್ದನೆಯ ಯಂತ್ರದ ಬಾಯಿಗೆ ನೇರವಾಗಿ ಕೊಡಬೇಕು. ಬಟ್ಟೆ ಆಚೆ ಕಡೆ ಒಣಗಿ, ಸುಕ್ಕು ಬಿಟ್ಟು ಹೊರಗೆ ಬರುತ್ತದೆ. ಬೆರಳು ಬಟ್ಟೆಯ ಜೊತೆ ಹೋದರೆ ಅದೂ ಹಾಗೆಯೇ ಬರುತ್ತದೆ. ಇಷ್ಟೆಲ್ಲ ಹೆದರುವವಳು ಇಂಥ ಯಂತ್ರದ ಮುಂದೆ ಇಷ್ಟು ವರ್ಷ ನಿಂತು ಒಂದು ಉಗುರನ್ನೂ ಕಳೆದುಕೊಂಡಿರಲಿಲ್ಲ. ಹೆದರಿಕೆ ಕೆಲವೊಮ್ಮೆ ಕೂಳು ಹಾಕುತ್ತದೆ.

ಅವಳಿಗಿದ್ದವನು ಒಬ್ಬ ತಮ್ಮ. ಅಮ್ಮ ತೀರಿಕೊಂಡಾಗ ಇನ್ನೂ ತೊದಲುತ್ತಿದ್ದ. ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಇವಳೇ. ಇವಳಿಗಾದರೂ ಆಗ ಸೊಂಟ ಎಂಬುದು ಎಷ್ಟಿತ್ತು ಮಹಾ! ಅವನು ನಡೆಯಲು ಕಲಿಯುವಾಗ ಎಡವಿದರೆ ನೆಲ ಮುಟ್ಟುವ ಮೊದಲೇ ಎತ್ತಿಕೊಳ್ಳುತ್ತಿದ್ದಳು. ಮಗು ಬಹಳ ತಡವಾಗಿ ನಡೆಯಿತು ಎಂದು ಅಪ್ಪ ಕೊನೆಯವರೆಗೂ ನಗುತ್ತಿದ್ದರು.

ಆದರೆ ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ. ಅಕ್ಕನ ಸೆರಗಿನಡಿ ಬೆಳೆದವನು ದೊಡ್ಡವನಾಗಿ ಸೇರಿದ್ದು ಕೇಬಲ್ ಕೆಲಸಕ್ಕೆ. ಹೆಗಲ ಮೇಲೆ ಏಣಿ, ಸೊಂಟದಲ್ಲಿ ಇಕ್ಕಳ, ಬಾಯಲ್ಲಿ ಸ್ಕ್ರೂ. ಕಂಬದಿಂದ ತಾರಸಿಗೆ, ತಾರಸಿಯಿಂದ ಬಾಲ್ಕನಿಗೆ ತಂತಿ ಎಳೆಯುತ್ತ ಇಡೀ ಬಡಾವಣೆಗೆ ಟಿವಿ ಕೊಟ್ಟ, ಆಮೇಲೆ ಅದೇ ತಂತಿಯಲ್ಲಿ ಇಂಟರ್‌ನೆಟ್ ಕೊಟ್ಟ. ಜೊತೆಯವರು ಅವನನ್ನೇ ಏಣಿ ಎಂದು ಕರೆದರು. ಬೆಳಿಗ್ಗೆ ಅವನು ಹೊರಟರೆ ಸಂಜೆ ಗೇಟಿನ ಸದ್ದಾಗುವವರೆಗೆ ಅಕ್ಕನ ಜೀವ ಅಂಗೈಯಲ್ಲಿ. ಕೊನೆಗೆ ಒಂದು ದಿನ ಅವಳು ಹೆದರುತ್ತಿದ್ದದ್ದೇ ಆಯಿತು. ಅವನು ಹಿಡಿದು ನಿಂತಿದ್ದ, ಹಳೆಯ ಗೋಡೆಗೆ ಹೊಡೆದ ತುಕ್ಕು ಹಿಡಿದ ಕಬ್ಬಿಣದ ಕೊಂಡಿ ಕಿತ್ತು ಬಂತು, ಅದರ ಜೊತೆ ಅವನೂ ಬಂದ. ಸೊಂಟದ ಮೂಳೆ ಮುರಿದು, ಆಪರೇಷನ್ನಿನಲ್ಲಿ ಒಳಗೆ ಕಂಬಿ ಕೂತಿತು. ಎಡಗಾಲು ಕಟ್ಟಿಹಾಕಿದಂತೆ ನಿಶ್ಶಕ್ತವಾಯಿತು. ಆಸ್ಪತ್ರೆಯಿಂದ ಬಿಡುವಾಗ ಡಾಕ್ಟರು, "ದಿನಾ ಎಬ್ಬಿಸಿ ನಿಲ್ಲಿಸಿ, ಸ್ವಲ್ಪ ಸ್ವಲ್ಪ ನಡೆಸಿ. ಮತ್ತೆ ಬೀಳದ ಹಾಗೆ ನೋಡ್ಕೊಳ್ಳಿ" ಎಂದರು. ಅಕ್ಕನ ಕಿವಿಗೆ ಹೊಕ್ಕಿದ್ದು ಕೊನೆಯ ಮಾತು ಮಾತ್ರ.

ಅವನು ಗಾಲಿಕುರ್ಚಿಯಲ್ಲಿ ಕೂತ. ಅವಳು ಕೂರಿಸಿದಳು ಎನ್ನುವುದೇ ಸರಿ. ತಾನು ಮನೆಯಲ್ಲಿದ್ದಾಗ ಕಂಕುಳಿಗೆ ಕೈ ಕೊಟ್ಟು ಒಂದೆರಡು ಸಲ ನಿಲ್ಲಿಸುತ್ತಿದ್ದಳು. ಅವನ ಮೊಣಕಾಲು ಒಂದಿಷ್ಟು ಅಲುಗಿದರೆ ಸಾಕು, "ಸಾಕು, ಸಾಕು, ನಾಳೆ ನೋಡೋಣ" ಎಂದು ತಿರುಗಿ ಕೂರಿಸುತ್ತಿದ್ದಳು. ಆ ನಾಳೆ ಬರಲೇ ಇಲ್ಲ. ಲಾಂಡ್ರಿಯಲ್ಲಿ ಇನ್ನು ರಜೆ ಸಿಗುವುದಿಲ್ಲ ಎಂದಾದಾಗ ಅವಳು ಒಂದು ಸಣ್ಣ ಕ್ಯಾಮೆರಾ ತಂದಳು. ಅದನ್ನು ಬೀರುವಿನ ತಲೆಯ ಮೇಲಿಟ್ಟು ಮನೆಯ ವೈಫೈಗೆ ಸೇರಿಸಿದರೆ ಕೋಣೆಯೆಲ್ಲ ಅವಳ ಮೊಬೈಲಿನಲ್ಲಿ ಕಾಣುತ್ತದೆ. ಸೇರಿಸಿಕೊಟ್ಟವನು ತಮ್ಮನೇ. "ಜೈಲಿಗೂ ಹೀಗೇ ಹಾಕಿರ್ತಾರಂತೆ ಅಕ್ಕಾ" ಎಂದ. "ಜೈಲಲ್ಲಿ ಇರೋರು ಬಿದ್ದು ಸಾಯಲ್ಲ" ಎಂದಳು ಅವಳು.

ಮೊದಲ ವಾರವೇ ಒಂದು ರಾದ್ಧಾಂತವಾಯಿತು. ಮಧ್ಯಾಹ್ನ ಚಿತ್ರ ಇದ್ದಕ್ಕಿದ್ದಂತೆ ಆರಿ ಕಪ್ಪಾಯಿತು. ಅವಳು ಏಪ್ರನ್ ಕೂಡ ಬಿಚ್ಚದೆ ಓಡಿ ಬಂದಳು. ಅವಸರಕ್ಕೆ ಬೀಗದ ಕೈ ತೂತಿಗೆ ಹೋಗದೆ, ಕೆಳಮನೆಯವರನ್ನು ಕೂಗಿ ಬಾಗಿಲ ಚಿಲಕವನ್ನೇ ಕೀಳಿಸಿದಳು. ಒಳಗೆ ತಮ್ಮ ಕುರ್ಚಿಯಲ್ಲಿ ಕೂತು ಕಣ್ಣು ಕಣ್ಣು ಬಿಡುತ್ತಿದ್ದ. ಮೊಬೈಲ್ ಚಾರ್ಜಿಗೆ ಹಾಕಲು ಕ್ಯಾಮೆರಾದ ಪ್ಲಗ್ ತೆಗೆದಿದ್ದನಂತೆ. ಅವಳು ಅಲ್ಲೇ ನೆಲದ ಮೇಲೆ ಕುಸಿದು ಅತ್ತಳು. ಕೆಳಮನೆಯವರು ಕಿತ್ತ ಚಿಲಕವನ್ನು ಅವಳ ಕೈಗೆ ಕೊಟ್ಟು ಇಳಿದು ಹೋದರು.

ಅದಾದ ಮೇಲೆ ಚಿತ್ರ ಆರಲಿಲ್ಲ. ಅದರ ಬದಲು ನಿಲ್ಲತೊಡಗಿತು.

ಆರುವುದಕ್ಕಿಂತ ನಿಲ್ಲುವುದು ಕೆಟ್ಟದ್ದು ಎಂದು ಅವಳಿಗೆ ಬೇಗ ಗೊತ್ತಾಯಿತು. ಆರಿದರೆ ಆರಿದೆ ಎಂದು ತಿಳಿಯುತ್ತದೆ. ನಿಂತರೆ? ತಮ್ಮ ಕುರ್ಚಿಯಲ್ಲಿ ಕತ್ತು ವಾಲಿಸಿ ಕೂತಿದ್ದಾನೆ. ಅಲುಗುತ್ತಿಲ್ಲ. ನಿದ್ದೆಯೋ? ನೆಟ್ ನಿಂತಿದೆಯೋ? ಅವನೇ ನಿಂತುಹೋದನೋ? ಇತ್ತ ರೋಲರ್ ಉರುಳುತ್ತಲೇ ಇದೆ. ಇದಕ್ಕೊಂದು ಉಪಾಯವನ್ನು ಅವಳೇ ಹುಡುಕಿದಳು. ಸೆಕೆಂಡಿನ ಮುಳ್ಳಿರುವ ಗೋಡೆ ಗಡಿಯಾರವನ್ನು ಅಡುಗೆಮನೆಯಿಂದ ತಂದು ಅವನ ಕುರ್ಚಿಯ ಹಿಂದೆ ನೇತುಹಾಕಿದಳು. ಮುಳ್ಳು ಓಡುತ್ತಿದ್ದು ತಮ್ಮ ಅಲುಗದಿದ್ದರೆ ನಿದ್ದೆ, ಅಥವಾ ಇನ್ನೇನೋ. ಮುಳ್ಳೂ ನಿಂತಿದ್ದರೆ ನೆಟ್ಟಿನ ತಪ್ಪು. ಆಮೇಲೆ ಅವಳು ತಮ್ಮನ ಮುಖ ನೋಡುವುದನ್ನೇ ಬಿಟ್ಟು ಮುಳ್ಳನ್ನು ನೋಡತೊಡಗಿದಳು. ಮುಳ್ಳು ದಿನವೂ ನಿಲ್ಲುತ್ತಿತ್ತು. ಬೆಳಗಿನ ಹೊತ್ತು ಚೆನ್ನಾಗಿಯೇ ಓಡುತ್ತದೆ, ಅವಳು ಎರಡನೇ ರಾಶಿ ಹಾಸುಬಟ್ಟೆಗೆ ಕೈ ಹಾಕುವ ಹೊತ್ತಿಗೆ ತಡವರಿಸುತ್ತದೆ, ಆಮೇಲೆ ಸಿಕ್ಕಿಹಾಕಿಕೊಳ್ಳುತ್ತದೆ, ಊಟದ ಗಂಟೆಗೆ ಮೊದಲು ಮತ್ತೆ ತಾನಾಗಿಯೇ ಸರಿಯಾಗುತ್ತದೆ.

"ನಮ್ಮನೆ ನೆಟ್ ಯಾಕೋ ಇಷ್ಟು ನಿಧಾನ?" ಎಂದು ತಮ್ಮನನ್ನೇ ಕೇಳಿದಳು. ಮನೆಯಲ್ಲೇ ವೈದ್ಯನಿದ್ದ ಮೇಲೆ ಹೊರಗೆ ಯಾಕೆ ಹೋಗಬೇಕು?

ವೈದ್ಯ ಗಂಭೀರವಾಗಿ ತಲೆ ಕೆರೆದುಕೊಂಡ. "ಮೋಡೆಮ್ ಒಂದ್ಸಲ ಆಫ್ ಮಾಡಿ ಆನ್ ಮಾಡಕ್ಕ" ಎಂದ. ಮಾಡಿದಳು. ಮಾರನೆಯ ದಿನ ಮತ್ತೆ ಅದೇ ಕಥೆ. "ಫ್ರಿಜ್ ಪಕ್ಕದಲ್ಲಿದ್ರೆ ಹಾಗೇ" ಎಂದ. ಮೋಡೆಮ್ಮನ್ನು ಫ್ರಿಜ್ಜಿನ ಪಕ್ಕದಿಂದ ತೆಗೆದು ಅವನ ಕುರ್ಚಿಗೆ ಹತ್ತಿರದ ಗಿಡ್ಡ ಸ್ಟೂಲಿನ ಮೇಲಿಟ್ಟಳು. ಆಗಲೂ ಸರಿಹೋಗಲಿಲ್ಲ. "ಹಾಗಾದ್ರೆ ಟಿವಿಗೂ ನೆಟ್ಟಿಗೂ ಲೈನ್ ಹಂಚೋ ಡಬ್ಬಿ ಹಾಳಾಗಿರಬೇಕು. ಅಲ್ಲಿ, ಬಾಗಿಲ ಮೇಲೆ." ಅವಳು ಜನ್ಮದಲ್ಲಿ ಮೊದಲ ಸಲ ಮೇಜಿನ ಮೇಲೆ ಕುರ್ಚಿ ಇಟ್ಟು ಹತ್ತಿದಳು. ಬಾಯಲ್ಲಿ ಗೊತ್ತಿದ್ದ ದೇವರೆಲ್ಲ ಬಂದು ಹೋದರು. ಆ ಪುಟ್ಟ ಡಬ್ಬಿಯನ್ನು ತಿರುಗಿಸಿ ತೆಗೆದು, ಬೀದಿಯಿಂದ ಬಂದ ತಂತಿಯನ್ನು ನೇರವಾಗಿ ಮೋಡೆಮ್ಮಿಗೆ ಕೊಟ್ಟಳು. ಕೆಳಗೆ ಕುರ್ಚಿಯಲ್ಲಿ ಕೂತಿದ್ದ ತಮ್ಮ, "ಬಲಕ್ಕೆ ತಿರುಗಿಸು, ಇನ್ನೂ ಸ್ವಲ್ಪ, ಹಾಂ" ಎಂದು ಹೇಳಿಕೊಟ್ಟ. ಅವನ ಮುಖ ಯಾಕೋ ಸಣ್ಣಗಾಗಿತ್ತು. ಅವಳು ಇಳಿದ ಮೇಲೆ ಅವನೇ ಅವಳ ಕೈ ಹಿಡಿದುಕೊಂಡು, "ನೀನು ಇಷ್ಟೆಲ್ಲ ಹತ್ತಬೇಡಕ್ಕ, ಬಿಟ್ಬಿಡು, ನಿಧಾನ ಇದ್ರೆ ಇರ್ಲಿ" ಎಂದ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುತ್ತಾರೆ. ಅವಳಿಗೆ ಅದು ಪ್ರೀತಿಯಾಗಿ ಕಂಡಿತು. ಪ್ರೀತಿಯೂ ಇತ್ತೆನ್ನಿ.

ಡಬ್ಬಿ ಹೋದರೂ ಮುಳ್ಳು ನಿಲ್ಲುವುದು ತಪ್ಪಲಿಲ್ಲ. ಆ ವಾರದ ಕೊನೆಗೆ ಅವಳು ಕಂಡ ಚಿತ್ರ ಮಾತ್ರ ಅವಳ ಕಣ್ಣಿನಿಂದ ಬಹಳ ದಿನ ಹೋಗಲಿಲ್ಲ. ಹಾಸುಬಟ್ಟೆಯ ಮೂಲೆ ಎಡಗೈಗೆ ಕೊಟ್ಟು ಬಲಗೈಯಲ್ಲಿ ಮೊಬೈಲ್ ತೆಗೆದಳು. ಕುರ್ಚಿ ಖಾಲಿ. ಅದರ ಪಕ್ಕ, ಚಿತ್ರದ ಅಂಚಿನಲ್ಲಿ, ತಮ್ಮನ ಅರ್ಧ ಮೈ. ಕೈಗಳೆರಡೂ ಗಾಳಿಯಲ್ಲಿ. ಬಾಯಿ ತೆರೆದಿದೆ. ಮುಳ್ಳು ನಿಂತಿದೆ.

"ಕೈ! ಕೈ ತೆಗಿಯೇ!" ಎಂದು ಯಾರೋ ಕಿರುಚಿದರು. ಕಿರುಚಿದವಳು ಅವಳ ರೋಲರ್ ಜೋಡಿ, ಗುಡುಗಮ್ಮ ಎಂದು ಹೆಸರಾದ ಗಟ್ಟಿ ಗಂಟಲಿನ ಹೆಂಗಸು. ಪುಕ್ಕಲಕ್ಕನ ಎಡಗೈ ಬಟ್ಟೆಯ ಜೊತೆ ಹೋಗುತ್ತಲೇ ಇತ್ತು. ಗುಡುಗಮ್ಮ ಕೆಂಪು ಗುಂಡಿ ಒತ್ತಿ, ಅವಳ ರಟ್ಟೆ ಹಿಡಿದೆಳೆದಳು. ಬೆರಳ ತುದಿಗೆ ಬಿಸಿ ತಾಗಿದ್ದು ಅವಳಿಗೆ ಗೊತ್ತಾಗಲೇ ಇಲ್ಲ. "ಬಿದ್ದ. ನನ್ನ ತಮ್ಮ ಬಿದ್ದ" ಎಂದಷ್ಟೇ ಹೇಳಿ ಓಡಿದಳು.

ಆಟೋದಲ್ಲಿ ಕೂತು ಎರಡು ಸಲ ಫೋನ್ ಮಾಡಿದಳು, ಅವನು ಎತ್ತಲಿಲ್ಲ. ಇಡೀ ದಾರಿ ಮೊಬೈಲಿನಲ್ಲಿ ಅದೇ ಚಿತ್ರ. ತೆರೆದ ಬಾಯಿ, ಗಾಳಿಯಲ್ಲಿ ಕೈ. ಅವನು ಬಿದ್ದಾಯಿತೋ, ಬೀಳುತ್ತಿದ್ದಾನೋ, ಬಿದ್ದು ಕರೆಯುತ್ತಿದ್ದಾನೋ ಒಂದೂ ತಿಳಿಯದು. ಸತ್ತವರ ಫೋಟೋ ಕೂಡ ಇಷ್ಟು ಹೆದರಿಸುವುದಿಲ್ಲ. ಅದರಲ್ಲಿ ಆಗಬೇಕಾದ್ದೆಲ್ಲ ಆಗಿಹೋಗಿರುತ್ತದೆ. ಬಾಗಿಲು ತೆಗೆದರೆ ತಮ್ಮ ಕುರ್ಚಿಯಲ್ಲಿ ಕೂತು ಪೇಪರ್ ಓದುತ್ತಿದ್ದ. ಪೇಪರ್ ತಲೆಕೆಳಗಾಗಿರಲಿಲ್ಲ, ಆದರೆ ಅವನ ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು. ಮೊಣಕೈಯ ಚರ್ಮ ಸುಲಿದಿತ್ತು.

"ಏನಾಯ್ತೋ ಇದು?"

"ಬಾಗಿಲಿಗೆ ತಗುಲ್ತು. ಕುರ್ಚಿ ತಿರುಗಿಸುವಾಗ."

"ಕುರ್ಚಿ ಖಾಲಿ ಇತ್ತಲ್ಲೋ! ನಾನು ನೋಡಿದೆ."

"ನಿಂತು ಹೋದ ನೆಟ್ಟಲ್ಲಿ ಏನು ಕಾಣ್ತಿಯೋ ಏನೋ. ಹಳೆ ಚಿತ್ರ ಹೊಸ ಚಿತ್ರ ಕಲಸಿ ತೋರಿಸುತ್ತೆ ಅಕ್ಕಾ ಅದು. ನಮ್ಮ ಲೈನಲ್ಲಿ ಇದೆಲ್ಲ ಮಾಮೂಲಿ."

ಕೇಬಲ್ಲಿನವನೇ ಹೇಳಿದ ಮೇಲೆ ಲಾಂಡ್ರಿಯವಳು ಏನು ಹೇಳಿಯಾಳು? ನಂಬಿದಳು. ಆದರೆ ರಾತ್ರಿ ಅವನಿಗೆ ಹೊದಿಸುವಾಗ ಮೊಣಕಾಲಿನ ಮೇಲೆ ನೀಲಿಗಟ್ಟಿದ್ದು ಕಂಡಿತು. ಒಂದಲ್ಲ, ಹಳೆಯದು ಹಳದಿಯಾದ ಇನ್ನೊಂದೂ ಇತ್ತು. ಅವಳು ಹೊದಿಕೆ ಎಳೆದು ಅದನ್ನು ಮುಚ್ಚಿದಳು.

ಕೊನೆಗೆ ಅವಳು ಕೇಬಲ್ ಆಫೀಸಿಗೆ ದೂರು ಕೊಟ್ಟಳು. ಅಲ್ಲಿಂದ ಬಂದವನು ತಮ್ಮನ ಜೊತೆ ಮೊದಲಿನಿಂದಲೂ ಕೆಲಸ ಮಾಡಿದವನೇ, ನಡುವಯಸ್ಸಿನವನು. ಲೈನಿನ ಬಲ ಅಳೆಯುವ ಮೀಟರು ಸದಾ ಕುತ್ತಿಗೆಗೆ ತೂಗುಬಿದ್ದಿರುವುದರಿಂದ ಮೀಟರಣ್ಣ. ಬಂದವನೇ, "ಏನಪ್ಪ ಏಣಿ, ಹೇಗಿದೀಯಾ?" ಎಂದು ಹೆಗಲು ತಟ್ಟಿ, ತಂತಿಗೆ ಮೀಟರು ಹಚ್ಚಿ ನೋಡಿದ. ಎಲ್ಲ ಸರಿಯಾಗಿತ್ತು. ಬೀದಿಯ ಪೆಟ್ಟಿಗೆ ನೋಡಿದ, ಅದೂ ಸರಿ. "ಸಾಯಂಕಾಲ ಬಂದ್ರೆ ಚೆನ್ನಾಗೇ ಇದೆಯಲ್ಲಕ್ಕ. ಆಫೀಸಲ್ಲಿ ನಿಮ್ಮ ಲೈನ್ ಹಗಲೆಲ್ಲ ಹೇಗಿರುತ್ತೆ ಅಂತ ನೋಡಿ ಹೇಳ್ತೀನಿ" ಎಂದು ಹೋದ.

ಎರಡು ದಿನ ಬಿಟ್ಟು ಮತ್ತೆ ಬಂದ. ಈ ಸಲ ಮೀಟರು ಹಚ್ಚಲೇ ಇಲ್ಲ. ಮೋಡೆಮ್ಮಿನ ಹಿಂದೆ ತಂತಿ ಸೇರುವ ಕಡೆಯ ಸಣ್ಣ ನಟ್ಟನ್ನು ಟಾರ್ಚ್ ಬಿಟ್ಟು ನೋಡಿದ, ಹೆಬ್ಬೆರಳಿನಿಂದ ಸವರಿದ. ಆಮೇಲೆ ತಮ್ಮನ ಮುಖ ನೋಡಿದ. ತಮ್ಮ ಕಿಟಕಿಯ ಕಡೆ ನೋಡಿದ. ಅಕ್ಕ ಬೀಳ್ಕೊಡಲು ಮೆಟ್ಟಿಲವರೆಗೆ ಬಂದಾಗ ಮೀಟರಣ್ಣ ಧ್ವನಿ ತಗ್ಗಿಸಿದ.

"ಅಕ್ಕಾ, ದಿನಾ ನೀವು ಕೆಲಸಕ್ಕೆ ಹೋದ ಮೇಲೆ ಸ್ವಲ್ಪ ಹೊತ್ತಿಗೆ ಲೈನ್ ಸೊರಗುತ್ತೆ. ಊಟದ ಹೊತ್ತಿಗೆ ಸರಿಹೋಗುತ್ತೆ. ಗಾಳಿ ಮಳೆಯಿಂದ ಆಗೋದಾದ್ರೆ ಹೀಗೆ ಹೊತ್ತು ನೋಡ್ಕೊಂಡು ಆಗಲ್ಲ. ಗಾಳಿಗೆ ಗಂಟೆ ಗೊತ್ತಿರಲ್ಲ."

"ಮತ್ತೆ?"

"ಆ ನಟ್ಟಿನ ಅಂಚು ತಿರುಗಿಸಿ ತಿರುಗಿಸಿ ಹೊಳೀತಾ ಇದೆ. ಯಾರೋ ಕೈಯಾರೆ ಸಡಿಲ ಮಾಡ್ತಿದಾರೆ. ಪೂರ್ತಿ ಬಿಚ್ಚಲ್ಲ, ಸ್ವಲ್ಪ ಮಾತ್ರ. ಆಮೇಲೆ ಬಿಗಿ ಮಾಡ್ತಾರೆ."

"ಯಾರು?"

ಮೀಟರಣ್ಣ ಮೀಟರಿನ ಪಟ್ಟಿ ಸರಿಮಾಡಿಕೊಂಡ. "ಅದು ನಾನು ಹೇಳೋ ಮಾತಲ್ಲಕ್ಕ. ಮನೆ ಒಳಗಿನ ವಿಷಯ" ಎಂದು ಇಳಿದು ಹೋದ.

ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಅರ್ಥವಾಗುತ್ತಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಆದರೆ ಹೆದರಿದವರ ಕಣ್ಣಿಗೆ ಅಂಗೈ ಕಾಣುವುದಿಲ್ಲ, ಕತ್ತಲೆಯ ಮೂಲೆ ಕಾಣುತ್ತದೆ. ಪುಕ್ಕಲಕ್ಕ ಮೆಟ್ಟಿಲ ಮೇಲೆ ಕೂತು ಒಂದೊಂದನ್ನೇ ಜೋಡಿಸಿದಳು. ತಾನು ಬೀಗ ಹಾಕಿ ಹೋದ ಮೇಲೆ ಯಾರೋ ಕಳ್ಳ ಕೀಲಿ ಹಾಕಿ ಮನೆಗೆ ಬರುತ್ತಾರೆ. ತನಗೆ ಕಾಣಬಾರದೆಂದು ಮೊದಲು ನೆಟ್ ಕೆಡಿಸುತ್ತಾರೆ. ಆಮೇಲೆ ತಮ್ಮನನ್ನು... ಮೊಣಕೈ ಸುಲಿದದ್ದು. ಮೊಣಕಾಲು ನೀಲಿಗಟ್ಟಿದ್ದು. ಅಂಗಿ ಬೆವರಿಗೆ ಒದ್ದೆಯಾದದ್ದು. ಗಾಳಿಯಲ್ಲಿ ಎತ್ತಿದ ಕೈಗಳು, ತೆರೆದ ಬಾಯಿ. ಅವನು ಹೇಳದಂತೆ ಹೆದರಿಸಿದ್ದಾರೆ. ಕಾಲು ಸೋತವನು, ಓಡಲೂ ಆಗದವನು. ಬಾಯಿಗೆ ಸೆರಗು ತುರುಕಿಕೊಂಡು ಸದ್ದಾಗದಂತೆ ಅತ್ತಳು.

ಮಾರನೆಯ ದಿನ ಎಂದಿನಂತೆ ಕೆಲಸಕ್ಕೆ ಹೋದಳು, ಆದರೆ ಎರಡನೇ ರಾಶಿಗೆ ಕೈ ಹಾಕಲಿಲ್ಲ. ಮೊಬೈಲಿನಲ್ಲಿ ಮುಳ್ಳು ತಡವರಿಸಿದ್ದೇ ತಡ, ಒಗೆಯುವ ತೊಟ್ಟಿಯಲ್ಲಿ ಬಟ್ಟೆ ಒತ್ತುವ ಮರದ ಕೋಲನ್ನು ಎತ್ತಿಕೊಂಡಳು. "ಎಲ್ಲಿಗೆ?" ಎಂದ ಗುಡುಗಮ್ಮನಿಗೆ, "ನನ್ನ ತಮ್ಮನ್ನ ಯಾರೋ ಹೊಡೀತಿದಾರೆ" ಎಂದಳು. ಗುಡುಗಮ್ಮ, "ನಿಲ್ಲು, ನಾನೂ ಬರ್ತೀನಿ" ಎಂದದ್ದು ಅವಳ ಕಿವಿಗೆ ಬೀಳಲಿಲ್ಲ. ಹಲ್ಲಿ ಕಂಡರೆ ಮಂಚ ಹತ್ತುವ ಹೆಂಗಸು ಕೋಲು ಹಿಡಿದು ಒಬ್ಬಳೇ ಮನೆಗೆ ನಡೆದಳು. ಹೆದರಿಕೆ ಹೋಗಿತ್ತು ಎಂದುಕೊಳ್ಳಬೇಡಿ. ಮೆಟ್ಟಿಲು ಅರ್ಧ ಹತ್ತಿದವಳು ಒಮ್ಮೆ ಇಳಿದು ಮತ್ತೆ ಹತ್ತಿದಳು. ಬಾಗಿಲ ಬಳಿ ನಿಂತಳು. ಒಳಗೆ ಏದುಸಿರು. ಎಳೆದಾಡಿದ ಸದ್ದು. ಆಮೇಲೆ ದೊಪ್ಪೆಂದು ಏನೋ ಬಿತ್ತು, ತಮ್ಮ "ಅಮ್ಮಾ" ಎಂದ.

ಅವಳು ಬೀಗ ತೆಗೆದು, ಬಾಗಿಲು ನೂಕಿ ಕೋಲೆತ್ತಿ ನುಗ್ಗಿದಳು.

ಒಳಗೆ ಯಾರೂ ಇರಲಿಲ್ಲ. ತಮ್ಮ ಒಬ್ಬನೇ ನೆಲದ ಮೇಲೆ ಮಗ್ಗುಲಾಗಿ ಬಿದ್ದಿದ್ದ. ಕುರ್ಚಿ ಗೋಡೆಗೆ ಒತ್ತಿ ನಿಂತಿತ್ತು, ಮಂಚದಿಂದ ಕಿಟಕಿಯವರೆಗಿನ ಸಾಮಾನೆಲ್ಲ ಬದಿಗೆ ಸರಿದು ದಾರಿಯಾಗಿತ್ತು. ಅವಳು ಕೋಲು ಬಿಸಾಡಿ ಎತ್ತಲು ಬಗ್ಗಿದಳು.

"ಮುಟ್ಬೇಡ!"

ಅವನು ಅಷ್ಟು ಜೋರಾಗಿ ಅವಳ ಮೇಲೆ ಯಾವತ್ತೂ ಕೂಗಿರಲಿಲ್ಲ. ಅವಳ ಕೈ ಅರ್ಧದಲ್ಲೇ ನಿಂತಿತು.

"ಅಲ್ಲೇ ನಿಂತ್ಕೋ ಅಕ್ಕಾ. ನಾನೇ ಏಳ್ತೀನಿ."

ಅವನು ಬೋರಲಾದ. ಮೊಣಕೈ ಊರಿ ಮಂಚದ ಕಾಲಿನತ್ತ ತೆವಳಿದ. ಬಲ ಮೊಣಕಾಲನ್ನು ಹೊಟ್ಟೆಯ ಅಡಿಗೆ ಎಳೆದುಕೊಂಡ, ಜಾರಿದ, ಮತ್ತೆ ಎಳೆದುಕೊಂಡ. ಹಣೆಯ ನರ ಉಬ್ಬಿತ್ತು. ಮಂಚದ ಪಟ್ಟಿ ಹಿಡಿದು ಸೊಂಟ ಎತ್ತುವಾಗ ಹಲ್ಲು ಕಚ್ಚಿದ್ದು ಅವಳಿಗೆ ಕೇಳಿಸಿತು. ಅಷ್ಟು ಹೊತ್ತೂ ಅವಳು ಎರಡು ಕೈಯನ್ನೂ ಕಂಕುಳಲ್ಲಿ ಬಿಗಿದುಕೊಂಡು ನಿಂತಿದ್ದಳು, ಇಲ್ಲದಿದ್ದರೆ ಅವು ತಾವಾಗಿಯೇ ಮುಂದೆ ಹೋಗುತ್ತಿದ್ದವು. ಕೊನೆಗೆ ಅವನು ಮಂಚದ ಅಂಚಿನ ಮೇಲೆ ಕೂತ. ಕೂತವನು ನೆಲ ನೋಡುತ್ತ ಹೇಳಿದ:

"ನಾನೇ. ನಟ್ಟು ಸಡಿಲ ಮಾಡ್ತಿದ್ದಿದ್ದು ನಾನೇ."

"ಬೇಲೀನೇ ಎದ್ದು ಹೊಲ ಮೇಯ್ತಲ್ಲೋ!" ಎಂದಳು. ಅಳುವೋ ಸಿಟ್ಟೋ ಅವಳಿಗೇ ತಿಳಿಯಲಿಲ್ಲ. "ಎಷ್ಟು ದಿನದಿಂದ ನನ್ನ ಪ್ರಾಣ ತಿಂತಿದೀಯ? ಅವತ್ತು ನನ್ನ ಕೈ ಯಂತ್ರಕ್ಕೆ ಹೋಗ್ತಿತ್ತು, ಗೊತ್ತಾ? ಮೇಜಿನ ಮೇಲೆ ಕುರ್ಚಿ ಇಟ್ಟು ಹತ್ತಿಸಿದೆಯಲ್ಲೋ ನನ್ನ!"

"ಹತ್ತಲ್ಲ ಅಂದ್ಕೊಂಡಿದ್ದೆ. ಹತ್ತಿಬಿಟ್ಟೆ ನೀನು."

"ಕ್ಯಾಮೆರಾ ಬೇಡ ಅಂತ ಬಾಯಿಬಿಟ್ಟು ಹೇಳೋಕೆ ಏನಾಗಿತ್ತು?"

"ಪ್ಲಗ್ ತೆಗೆದಿದ್ದಕ್ಕೆ ನೀನು ಬಾಗಿಲು ಕೀಳಿಸ್ಕೊಂಡು ಬಂದೆ. ಬೇಡ ಅಂದ್ರೆ ಕೆಲಸಾನೇ ಬಿಟ್ಟು ಎದುರಿಗೆ ಕೂರ್ತಿದ್ದೆ. ಅದಕ್ಕೇ ಪೂರ್ತಿ ಬಿಚ್ಚಲಿಲ್ಲ. ಸ್ವಲ್ಪ ಸಡಿಲ ಬಿಟ್ರೆ ಚಿತ್ರ ಇರುತ್ತೆ, ಓಡಲ್ಲ. ನೀನು ನೆಟ್ಟನ್ನ ಬೈಕೊಂಡು ಇರ್ತೀಯ ಅಂದ್ಕೊಂಡೆ." ಅವನು ಅಂಗೈಯಿಂದ ಮುಖ ಒರೆಸಿಕೊಂಡ. "ನೀನು ನೋಡ್ತಾ ಇದ್ರೆ ನನಗೆ ಬೀಳೋಕಾಗಲ್ಲ ಅಕ್ಕಾ. ಬೀಳದೆ ನಡೆಯೋಕಾಗಲ್ಲ."

"ಬಿದ್ದು ಆ ಕಂಬಿ ಮುರಿದ್ರೆ?"

"ಮುರೀಬಹುದು."

ಅವನು ಇಲ್ಲವೆಂದು ಸಮಾಧಾನ ಹೇಳಿದ್ದರೆ ಅವಳು ಇನ್ನೂ ಜಗಳ ಆಡುತ್ತಿದ್ದಳು. ಮುರಿಯಬಹುದು ಎಂದುಬಿಟ್ಟ. ಡಾಕ್ಟರು ನಡೆಸಿ ಎಂದೂ ಹೇಳಿದ್ದರು ಎಂಬುದು ಈಗ ನೆನಪಾಯಿತು, ಅವರ ದನಿಯ ಸಮೇತ. ಆ ಮಾತು ಇಷ್ಟು ದಿನ ಎಲ್ಲಿ ಹೋಗಿತ್ತು? ಅವಳು ನೆಲದ ಮೇಲೆ ಬಿದ್ದಿದ್ದ ಕೋಲನ್ನು ಎತ್ತಿ ಗೋಡೆಗೆ ಒರಗಿಸಿದಳು.

"ಯಾರಿಗೆ ತಂದೆ ಅದನ್ನ?" ಎಂದ ತಮ್ಮ.

"ಕಳ್ಳನಿಗೆ."

ಇಬ್ಬರಿಗೂ ನಗು ಬಂತು, ಆದರೆ ಅವಳದು ಬೇಗ ನಿಂತಿತು. "ಎಲ್ಲೀವರೆಗೆ ನಡೀತೀಯ?" ಎಂದು ಕೇಳಿದಳು.

"ಕಿಟಕಿವರೆಗೆ ಹೋಗ್ತೀನಿ. ವಾಪಸ್ ಬರೋದೇ ಇನ್ನೂ ಗೊತ್ತಾಗಿಲ್ಲ."

ಆ ರಾತ್ರಿ ಅವಳಿಗೆ ನಿದ್ದೆ ಹತ್ತಲಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ. ಬೆಳಿಗ್ಗೆ ಎದ್ದು ಅಡುಗೆ ಮಾಡಿಟ್ಟಳು, ಗ್ಯಾಸ್ ಆರಿಸಿದಳು, ಮತ್ತೊಮ್ಮೆ ನೋಡಿದಳು. ಆಮೇಲೆ ಅಡುಗೆಮನೆಯ ಎತ್ತರದ ಸ್ಟೂಲು ತಂದು ಹತ್ತಿ ಬೀರುವಿನ ಮೇಲಿನ ಕ್ಯಾಮೆರಾ ತೆಗೆದಳು. ತೆಗೆಯುವಾಗ ಅದು ಒಂದು ಸಲ ಬೀರುವಿಗೆ ಬಡಿಯಿತು. ಅದರ ವೈರನ್ನು ಸುತ್ತಿ, ಚೀಲದಲ್ಲಿ ಊಟದ ಡಬ್ಬಿಯ ಪಕ್ಕದಲ್ಲಿ ಹಾಕಿಕೊಂಡಳು. ತಮ್ಮ ಕುರ್ಚಿಯಲ್ಲಿ ಕೂತು ನೋಡುತ್ತಿದ್ದ.

"ಇನ್ಮೇಲೆ ಆ ನಟ್ಟು ಮುಟ್ಬೇಡ" ಎಂದಳು. "ಬೀದಿ ಜನರ ನೆಟ್ಟೂ ಕೆಡುತ್ತಂತೆ ಅದ್ರಿಂದ. ಮೀಟರಣ್ಣ ಹೇಳ್ದ."

ಮೀಟರಣ್ಣ ಹಾಗೇನೂ ಹೇಳಿರಲಿಲ್ಲ. ಬೇರೇನು ಹೇಳಬೇಕೆಂದು ಅವಳಿಗೆ ಹೊಳೆಯಲಿಲ್ಲ, ಅಷ್ಟೇ. ಹೊರಗೆ ಬಂದು ಚಪ್ಪಲಿ ಮೆಟ್ಟಿ ಬಾಗಿಲು ಎಳೆದುಕೊಂಡಳು, ಬೀಗ ಹಾಕಲಿಲ್ಲ. ಹಾಕಿ ಹೋಗಿ, ಅವನು ಬಿದ್ದು, ಕೆಳಮನೆಯವರು ಬಂದು, ಬೀಗದ ಕೈ ಸಿಗದೆ... ಬೇಡ.

ಆದರೆ ಮೆಟ್ಟಿಲು ಇಳಿಯಲು ಕಾಲು ಬರಲಿಲ್ಲ. ಸ್ವಲ್ಪ ಹೊತ್ತು, ಒಂದೇ ಒಂದು ಸಲ ಅವನು ನಡೆದು ವಾಪಸು ಬಂದು ಕೂತ ಸದ್ದು ಕೇಳಿದರೆ ಸಾಕು, ಹೋಗಿಬಿಡುತ್ತೇನೆ ಎಂದುಕೊಂಡು ಉಸಿರು ಬಿಗಿಹಿಡಿದು ಬಾಗಿಲಿಗೆ ಮುಖ ಮಾಡಿ ನಿಂತಳು. ಒಳಗೆ ಕುರ್ಚಿಯ ಬ್ರೇಕ್ ಬಿದ್ದಿತು. ಬಟ್ಟೆಯ ಸರಪರ. ಒಂದು ಪಾದ ನೆಲಕ್ಕೆ ತಟ್ಟಿತು. ಇನ್ನೊಂದು ಪಾದ ಎಳೆದುಕೊಂಡು ಬಂತು. ಮತ್ತೆ ತಟ್ಟಿತು, ಮತ್ತೆ ಎಳೆಯಿತು. ಕಿಟಕಿಯ ಸರಳಿಗೆ ಅವನ ಬೆರಳಿನ ಉಂಗುರ ತಗುಲಿದ ಸಣ್ಣ ಸದ್ದು. ಮುಟ್ಟಿದ. ಅವಳ ಕಣ್ಣಲ್ಲಿ ನೀರು ತುಂಬಿತು. ಇನ್ನು ವಾಪಸು. ತಟ್ಟಿತು, ಎಳೆಯಿತು. ತಟ್ಟಿತು.

ಆಮೇಲೆ ಇಡೀ ನೆಲ ನಡುಗುವಂತೆ ಬಿದ್ದ.

ಅವಳ ಕೈ ಆಗಲೇ ಬಾಗಿಲ ಹಿಡಿಯ ಮೇಲಿತ್ತು. ತಳ್ಳಿದರೆ ಸಾಕು. ಒಳಗಿನಿಂದ ನರಳಿಕೆಯೂ ಇಲ್ಲ, ಬೈಗುಳವೂ ಇಲ್ಲ, ಏದುಸಿರೂ ಇಲ್ಲ. ಇಲ್ಲಿ ನೋಡಲು ಮುಳ್ಳೂ ಇರಲಿಲ್ಲ, ಚಿತ್ರವೂ ಇರಲಿಲ್ಲ, ಬಣ್ಣ ಹೋದ ಒಂದು ಹಲಗೆ ಬಾಗಿಲಿತ್ತು. ಕಂಬಿ ಮುರಿಯಿತು. ತಲೆ ಮಂಚಕ್ಕೆ ಬಡಿಯಿತು. ಹೋದ. ನನ್ನ ಮಗು ಹೋಯಿತು. ಅವಳು ಹಿಡಿಯನ್ನು ಬೆರಳು ಬಿಳಿಚುವಂತೆ ಹಿಡಿದಳು, ತಳ್ಳಲಿಲ್ಲ. ಯಾಕೆ ತಳ್ಳಲಿಲ್ಲ ಎಂದು ಆಮೇಲೆ ಅವಳಿಗೂ ಹೇಳಲಾಗಲಿಲ್ಲ.

"ಅಕ್ಕಾ."

ಧ್ವನಿ ಬಹಳ ಕೆಳಗಿನಿಂದ ಬಂತು.

"ಬಾಗಿಲ ಸಂದೀಲಿ ನಿನ್ನ ಚಪ್ಪಲಿ ಕಾಣ್ತಾ ಇದೆ. ಹೊತ್ತಾಯ್ತು, ಕೆಲಸಕ್ಕೆ ಹೋಗು."

ಬಾಗಿಲ ಸಂದಿಯಲ್ಲಿ ಚಪ್ಪಲಿ ಕಾಣಬೇಕಾದರೆ ಕೆನ್ನೆ ನೆಲಕ್ಕೆ ತಾಗಿರಬೇಕು. ಅವನು ಬಿದ್ದಲ್ಲೇ ಇದ್ದಾನೆ, ಇನ್ನೂ ಎದ್ದಿಲ್ಲ. ಏಳುತ್ತಾನೋ ಇಲ್ಲವೋ ಗೊತ್ತಿಲ್ಲ. ಏಳುವವರೆಗೆ ಇರಲೇ ಎಂದು ಕೇಳಲು ಅವಳು ಬಾಯಿ ತೆರೆದಳು.

"ಹೋಗ್ತೀನಿ ಕಣೋ" ಎಂದಳು.

ಹಿಡಿ ಬಿಟ್ಟಳು. ಗೋಡೆ ಹಿಡಿದುಕೊಂಡು ಮೆಟ್ಟಿಲು ಇಳಿದಳು, ಚಪ್ಪಲಿಯ ಸದ್ದು ಒಳಗಿನವನಿಗೆ ಕೇಳಿಸಲಿ ಎಂದು ಒಂದೊಂದು ಹೆಜ್ಜೆಯನ್ನೂ ಜೋರಾಗಿ ಇಡುತ್ತ.